ಹೆಸರನ್ನು ಮರೆಸಿಕೊಂಡ ಲೇಖಕ

ಪ್ರಖ್ಯಾತನ ಬರಹವು ಹೇಗಿದ್ದರೂ ಪ್ರಶಂಸೆಗೆ ಪಾತ್ರವಾಗುವುದೂ, ಅಪರಿಚಿತನ ಬರಹವು ಚೆನ್ನಾಗಿದ್ದರೂ ಮೂಲೆಗೆ ಬೀಳುವುದೂ ಲೋಕದಲ್ಲಿ ನಾವು ಕಾಣುತ್ತಿರುವ ಸಂಗತಿಯಷ್ಟೆ. ಅಪರಿಚಿತನು ಇದಕ್ಕಾಗಿ ಕೊರಗುವುದು ಸಹಜ. ಪ್ರಖ್ಯಾತನಿಗೂ ಇದರಿಂದ ಒಂದು ಕಷ್ಟವುಂಟು. ತನಗೆ ದೊರೆತ ಹೊಗಳಿಕೆಯು ಕೃತಿಗೆ ಸಂದುದೋ ಹೆಸರಿಗೆ ಸಂದುದೋ ಎಂಬುದನ್ನು ಅವನು ಅರಿಯುವ ಬಗೆ ಹೇಗೆ? ಇದನ್ನು ಪರೀಕ್ಷಿಸಿಯೇ ನೋಡಿದ ಆಂಗ್ಲ ನಟರೊಬ್ಬರ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ರಾನಿ ಬಾರ್ಕರರು 1929ರಲ್ಲಿ ಬೆಡ್‌ಫರ್ಡ್ ಪಟ್ಟಣದಲ್ಲಿ ಜನಿಸಿ ಆಕ್ಸ್‌ಫರ್ಡಿನಲ್ಲಿ ಬೆಳೆದರು. ವಾಸ್ತುಶಿಲ್ಪದ ವ್ಯಾಸಂಗವನ್ನು ನಡುವೆಯೇ ಬಿಟ್ಟು, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು, 1948ರಲ್ಲಿ ಅದನ್ನೂ ತೊರೆದು ಏಲ್ಸ್‌ಬರಿಯ ನಾಟಕ ಮಂಡಲಿಯನ್ನು ಸೇರಿದರು. ರಂಗಭೂಮಿಯಲ್ಲಿಯೂ ರೇಡಿಯೋದಲ್ಲಿಯೂ ಬಹುಕಾಲ ದುಡಿದ ಮೇಲೆ, 1966ರಲ್ಲಿ ಡೇವಿಡ್ ಫ್ರಾಸ್ಟರ ವಿನೋದ ಕಾರ್ಯಕ್ರಮದ ಮೂಲಕ ಟೆಲಿವಿಷನ್ನಿನಲ್ಲಿ ಖ್ಯಾತರಾದರು. ರಾನಿ ಕಾರ್ಬೆಟ್ ಎಂಬ ಕುಳ್ಳ ನಟರು ಅಲ್ಲಿ ಅವರ ಜೊತೆಗಾರರಾಗಿದ್ದರು.

1968ರಲ್ಲಿ ಫ್ರಾಸ್ಟರ ಮತ್ತೊಂದು ಕಾರ್ಯಕ್ರಮಕ್ಕೆ ಜೆರಾಲ್ಡ್ ವೈಲಿ ಎಂಬುವರಿಂದ ಹಾಸ್ಯಪ್ರಹಸನಗಳು ಬರತೊಡಗಿದವು. ಅವು ಎಲ್ಲರಿಗೂ ಮೆಚ್ಚುಗೆಯಾದವು. ಲೇಖಕರನ್ನು ಮಾತ್ರ ಯಾರೂ ಕಂಡಿರಲಿಲ್ಲ. ಪ್ರಸಿದ್ಧ ನಾಟಕಕಾರ ಟಾಮ್ ಸ್ಟಾಪರ್ಡರೇ ಇರಬಹುದೆಂದು ಕೆಲವರು ಊಹಿಸಿದರು. ಕಾರ್ಬೆಟ್ಟರು ಒಂದು ಪ್ರಹಸನದ ಹಕ್ಕನ್ನು ಕೊಳ್ಳಬಯಸಿದಾಗ 3,000 ಪೌಂಡುಗಳ ಬೆಲೆ ಕೇಳಿಬಂದಿತು. ಅದು ಅತಿಯಾಯಿತೆಂದು ಹೇಳಿದವರಲ್ಲಿ ಬಾರ್ಕರರೂ ಒಬ್ಬರು! ಬಳಿಕ ಆ ಹಕ್ಕು ಕಾರ್ಬೆಟ್ಟರಿಗೆ ಉಚಿತವಾಗಿಯೇ ದೊರೆಯಿತು. ಕಡೆಗೆ ವೈಲಿಯವರ ಹೆಸರಿನಲ್ಲಿ ಚೀಣೀ ಭೋಜನಶಾಲೆಯೊಂದಕ್ಕೆ ಎಲ್ಲರಿಗೂ ಆಹ್ವಾನ ಬಂದಿತು. ಅಲ್ಲಿ ಬಾರ್ಕರರು ಎದ್ದುನಿಂತು ತಾವೇ ವೈಲಿಯೆಂದಾಗ, ಜೊತೆಯವರು ಮೊದಲು ನಂಬಲೇ ಇಲ್ಲವಂತೆ.

ನಟನು ಬರೆದುದೆಂಬ ದಾಕ್ಷಿಣ್ಯಕ್ಕೆ ಯಾರೂ ಅದನ್ನು ಒಪ್ಪಬಾರದು. ಗುಣವಿದ್ದರೆ ಮಾತ್ರ ಒಪ್ಪಬೇಕು. ಇದೇ ಅವರ ಉದ್ದೇಶವಾಗಿದ್ದಿತು. ಗುಟ್ಟು ರಟ್ಟಾದ ಮೇಲೂ ಅವರು ಆ ಹೆಸರನ್ನು ಬಿಡಲಿಲ್ಲ. 1971ರಿಂದ 1987ರವರೆಗೆ ಇಬ್ಬರು ರಾನಿಗಳೂ ಕೂಡಿ ಬಿಬಿಸಿಯಲ್ಲಿ ನಡೆಸಿದ ‘ದಿ ಟೂ ರಾನೀಸ್’ ಕಾರ್ಯಕ್ರಮದ ಅನೇಕ ಪ್ರಹಸನಗಳು ವೈಲಿಯವೇ. 1976ರ ಒಂದರಲ್ಲಿ ಗಿರಾಕಿಯು ಅಂಗಡಿಗೆ ಬಂದು ‘ಫೋರ್ಕ್ ಹ್ಯಾಂಡಲ್ಸ್’, ಎಂದರೆ ತೋಟದ ಕವೆಗೋಲಿಗೆ ಹಿಡಿಗಳನ್ನು, ಕೇಳುತ್ತಾನೆ. ಅಂಗಡಿಯವನ ಕಿವಿಗೆ ಅದು ‘ಫೋರ್ ಕ್ಯಾಂಡಲ್ಸ್’ ಎಂದು ಬಿದ್ದು, ಅವನು ನಾಲ್ಕು ಮೇಣದ ಬತ್ತಿಗಳನ್ನು ತಂದಿಡುತ್ತಾನೆ. ಇಷ್ಟು ಸಣ್ಣ ಶ್ಲೇಷೆಯಿಂದ ಇಡೀ ದೇಶವೇ ನಕ್ಕಿತು.

‘ಪಾರಿಜ್’ ಎಂಬ ಕಥಾಮಾಲೆಯಲ್ಲಿ ಜಾಣ ಸೆರೆಯಾಳಾಗಿ, ‘ಓಪನ್ ಆಲ್ ಅವರ್ಸ್’ ಎಂಬುದರಲ್ಲಿ ಜಿಪುಣ ಅಂಗಡಿಕಾರನಾಗಿ ಜನರ ಮನಸ್ಸನ್ನು ಸೂರೆಗೊಂಡಿದ್ದ ಬಾರ್ಕರರು, ಕೀರ್ತಿಯು ಉಚ್ಛ್ರಾಯದಲ್ಲಿರುವಾಗಲೇ, 1987ರ ಕೊನೆಯಲ್ಲಿ, 58ನೆಯ ವಯಸ್ಸಿಗೆ ನಿವೃತ್ತರಾದರು. ಆ ಮೇಲೆ ಅವರು ಚಿಪಿಂಗ್ ನಾರ್ಟನ್ ಎಂಬ ಊರಿನಲ್ಲಿ ಹಳೆಯ ವಸ್ತುಗಳ ಅಂಗಡಿಯನ್ನಿಟ್ಟು ಕೆಲವು ವರ್ಷ ನಡೆಸಿದರು.

ನಮ್ಮ ಮನೆಗಳಲ್ಲಿಯೂ ಹಿರಿಯರಾಡಿದ ಮಾತು ಹಿರಿಯರದೆಂಬುದಕ್ಕೇ ಸರಿಯೆನಿಸಿಕೊಳ್ಳುವುದುಂಟು. ಸೊಸೆಯೋ ಮಗುವೋ ಹೇಳಿದ ಒಳ್ಳೆಯ ಮಾತು ಕಿವಿಗೇ ಬೀಳದಿರುವುದುಂಟು. ಹೇಳಿದವರು ಯಾರೆಂಬುದನ್ನು ಗಳಿಗೆಯ ಮಟ್ಟಿಗೆ ಮರೆತು ಮಾತನ್ನು ತೂಗಿ ನೋಡಿದರೆ ಅನೇಕ ತಪ್ಪು ತೀರ್ಮಾನಗಳು ತಪ್ಪಿಯಾವು. ದೊಡ್ಡವರೆನಿಸಿಕೊಂಡವರೇ ಇದಕ್ಕೆ ಮೊದಲು ಅವಕಾಶ ಕೊಡಬೇಕು. ಬಾರ್ಕರರು ಮಾಡಿದುದು ಅದನ್ನೇ.

ಅವರು 2005ರ ಅಕ್ಟೋಬರ್ 3ರಂದು ತೀರಿಕೊಂಡರು. ಮರುವರ್ಷ ಮಾರ್ಚ್ ತಿಂಗಳಲ್ಲಿ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಅವರ ಸ್ಮರಣಾರ್ಥವಾಗಿ ಪ್ರಾರ್ಥನೆ ನಡೆದಾಗ, ವಾಡಿಕೆಯಂತೆ ಶಿಲುಬೆಯ ಜೊತೆಗೆ ಎರಡು ಮೇಣದ ಬತ್ತಿಗಳನ್ನು ಒಯ್ಯುವ ಬದಲು ನಾಲ್ಕನ್ನು ಒಯ್ದರು. ವೈಲಿಯ ಬರಹಕ್ಕೆ ಸಂದ ಗೌರವವದು.