ಯಂತ್ರದ ಮುಂದೆಯೂ ಪ್ರಶ್ನೆ ಬೇಕು

ವೈಚಾರಿಕತೆ ತರಗತಿಯ ವಿಷಯ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂತಹ ಕಡೆ ದುಡಿಯುವವರಿಗೆ ಹೇಳಿದಷ್ಟು ಮಾಡುವ ಶಿಸ್ತೇ ಸಾಕು ಎಂಬ ಪ್ರಕಟಿತ ಅಭಿಪ್ರಾಯವು ಆಲೋಚನೆಯನ್ನು ಓದಿದವರ ಸೊತ್ತೆಂದು ಭಾವಿಸಿರುವುದರಿಂದ ಬುಡದಲ್ಲೇ ದುರ್ಬಲವಾಗಿದೆ. ಲೇತ್ ಯಂತ್ರದ ಬೇರಿಂಗ್ ಪದೇ ಪದೇ ಬಿಸಿಯಾದಾಗ ದೃಷ್ಟಿ ನಿವಾರಣೆಗೆ ನಿಂಬೆಹಣ್ಣು ಕಟ್ಟಿ, ಅದೇ ದಿನ ಗ್ರೀಸನ್ನೂ ಬದಲಿಸಿದರೆ, ಯಾವುದರಿಂದ ಸರಿಹೋಯಿತೆಂಬುದು ತಿಳಿಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ಬರೆದಿಡುವುದೇ ನಿಯಂತ್ರಿತ ಪರೀಕ್ಷೆ, ಅಂದರೆ ಕಾರಣವನ್ನು ಕಾಕತಾಳೀಯದಿಂದ ಬೇರ್ಪಡಿಸುವ ವಿಧಾನ. ಬಿಡದಿಯಲ್ಲಿ ಕಾರು ತಯಾರಿಸುವ ಟೊಯೊಟಾದ ಉತ್ಪಾದನಾ ಪದ್ಧತಿಯೂ ಐದು ಸಲ ‘ಏಕೆ’ ಎಂದು ಕೇಳಿ ಮೂಲಕಾರಣ ಹುಡುಕಲು ಕಲಿಸುತ್ತದೆ. ಹೀಗೆ ಪ್ರಶ್ನಿಸುವುದು ನಾಗರಿಕರ ಹೊಣೆಯೂ ಹೌದು: ವಿಚಾರವಾದಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ 1976ರಲ್ಲೇ ಸಂವಿಧಾನದ 42ನೇ ತಿದ್ದುಪಡಿಯು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಕರ್ತವ್ಯವೆಂದು ಸಾರಿತು. ಆ ಕರ್ತವ್ಯ ಪದವೀಧರರಿಗೆ ಮಾತ್ರವೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ.