ಮಕ್ಕಳ ಬಾಯಲ್ಲಿ ‘ಬನ್ನಿ’ ಬರಬೇಕಾದರೆ

ಕಾರ್ತಿಕದ ಕಡೇ ಸೋಮವಾರ ಬೆಂಗಳೂರು ಬಸವನಗುಡಿಯಲ್ಲಿ ಕಡಲೇಕಾಯಿ ಪರಿಷೆ. ಮಳೆ ಕೈಹಿಡಿದ ವರ್ಷ ನಾನೂ ಎರಡು ಮೂಟೆ ಒಯ್ದು ದೊಡ್ಡ ಬಸವಣ್ಣನ ಗುಡಿ ರಸ್ತೆಯಲ್ಲಿ ಹರವಿಕೊಂಡು ಕೂರುತ್ತೇನೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯೇ ಕಡಲೇಕಾಯಿ ಬೆಳೀತಿದ್ದರಂತೆ. ಪೈರು ತಿಂದ ಬಸವನಿಗೆ ಮೊದಲ ಫಸಲು ಒಪ್ಪಿಸುವ ವಾಡಿಕೆ ಹಾಗೆ ಹುಟ್ಟಿತು ಅನ್ನುತ್ತಾರೆ. ಈಗ ಅಲ್ಲಿ ಹೊಲ ಇಲ್ಲ. ನಮ್ಮಂಥ ಬಯಲುಸೀಮೆಯವರೇ ಹೊತ್ತು ತರಬೇಕು.

ಹೋದ ಸಲ ಏಳೆಂಟು ವರ್ಷದ ಹುಡುಗನೊಬ್ಬ ಬಂದು “ಏಯ್, ಸೇರು ಎಷ್ಟೋ?” ಅಂದ. ನನ್ನ ತಲೆ ನೆರೆತಿದೆ. ಮನಸ್ಸಿಗೆ ಚುರುಕ್ ಅಂತು. ಅವನ ತಂದೆ ನಕ್ಕು, “ಸರಿಯಾಗಿ ಹೇಳೋ, ಎಷ್ಟಕ್ಕೆ ಕೊಡ್ತೀಯ?” ಅಂದರು. ಬಿತ್ತಿದ ಬೀಜ ಯಾವುದು ಅಂತ ಆಗ ತಿಳೀತು. ಅಷ್ಟರಲ್ಲಿ ಅವರ ಪರಿಚಯದವರು ಸಿಕ್ಕರು. ತಂದೆ “ಹೇಗಿದ್ದೀರಿ, ಬನ್ನಿ” ಅಂದರೆ, ಹುಡುಗ “ನಮಸ್ತೆ ಅಂಕಲ್” ಅಂದ. ಮರ್ಯಾದೆ ಮಾತು ಅವನಿಗೆ ಬಾರದೆ ಏನಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನೋದನ್ನೂ ಕಲಿತಿದ್ದಾನೆ, ಅಷ್ಟೆ.

ಊರಿಗೆ ಬಂದು ಜಗಲಿ ಮೇಲೆ ಕೂತು ಇದೇ ದೂರು ಹೇಳುತ್ತಿದ್ದೆ. ಆಗ ನನ್ನ ಮೊಮ್ಮಗ, ನಮ್ಮ ಹೊಲದ ಕೆಲಸಕ್ಕೆ ಬರುವ ಅರವತ್ತು ದಾಟಿದ ಹಿರಿಯರನ್ನು ಹೆಸರು ಹಿಡಿದು “ಬಾರೋ ಇಲ್ಲಿ” ಅಂತ ಕೂಗಿದ. ನಾನು ಕೂಗೋದೂ ಹಾಗೇ. ನಮ್ಮಪ್ಪನೂ ಹಾಗೇ ಕೂಗುತ್ತಿದ್ದ. ನನ್ನ ಬಾಯಿ ಕಟ್ಟಿತು.

‘ನೀನು’ ಕೆಟ್ಟ ಮಾತಲ್ಲ. ಅವ್ವನಿಗೂ ದೇವರಿಗೂ ನೀನು ಅಂತಲೇ ಅನ್ನುತ್ತೇವೆ. ಸಲಿಗೆಯ ನೀನು ಬೇರೆ. ಕೂಲಿ, ಜಾತಿ ಎಣಿಸಿ ಆಡುವ ನೀನು ಬೇರೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಿಲ್ಲ. ಆ ಮನುಷ್ಯ ತಿರುಗಿ ನಮಗೆ ‘ನೀನು’ ಅಂದರೆ ನಾವು ಸಹಿಸುತ್ತೇವಾ, ಇಲ್ಲವಾ? ಇದಿಷ್ಟು ಕೇಳಿಕೊಂಡರೆ ಸಾಕು.

ಮಾರನೇ ದಿನ ಅವರಿಗೆ “ಬನ್ನಿ, ಕೂತ್ಕೊಳ್ಳಿ” ಅಂದೆ. ಅವರು ಗಾಬರಿಯಾಗಿ, “ಏನು ತಪ್ಪಾಯ್ತು ಸ್ವಾಮಿ?” ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಇಷ್ಟು ವರ್ಷ ನಾವು ಎಂಥ ಮಾತು ಆಡಿದ್ದೇವೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ?

ಮಕ್ಕಳಿಗೆ ಮರ್ಯಾದೆ ಕಲಿಸಿ ಅಂತ ಶಾಲೆಗೆ ಹೇಳುತ್ತೇವೆ. ಮೊಮ್ಮಗನಿಗೆ ನಾನು ಪಾಠ ಏನೂ ಮಾಡಲಿಲ್ಲ, ನನ್ನ ಮಾತು ತಿದ್ದಿಕೊಂಡೆ. ಮೊನ್ನೆ ಅವನೇ ಕಣದ ಹತ್ತಿರ ಹೋಗಿ, “ತಾತ, ಊಟಕ್ಕೆ ಬನ್ನಿ” ಅಂತ ಕರೆದ.

ನಿಮ್ಮ ಹೊಲದಲ್ಲಿ ಹೇಗೆ ಕರೆಯುತ್ತೀರಿ? ಬರೆದು ತಿಳಿಸಿ.