ಕತ್ತಿಯ ಹದ ಬೇರೆ, ಪ್ರೊಪೆಲ್ಲರಿನ ಹದ ಬೇರೆ

ಟೆಕ್ ಫೆಸ್ಟ್ ಹತ್ತಿರ ಬಂತೆಂದರೆ ನಮ್ಮಲ್ಲಿ ರಿಮೋಟ್ ರೇಸಿಂಗ್ ಬೋಟಿನ ಹುಚ್ಚು ಶುರುವಾಗುತ್ತದೆ. ಮೋಟಾರು, ಬ್ಯಾಟರಿ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡ್ತಾರೆ. ಹಿಂದೆ ತಿರುಗುವ ಪುಟ್ಟ ಪ್ರೊಪೆಲ್ಲರಿನ ಬಗ್ಗೆ ಮಾತ್ರ ಯಾರಿಗೂ ತಲೆಬಿಸಿ ಇಲ್ಲ. ನನಗೂ ಇರಲಿಲ್ಲ. ಹೋದ ವರ್ಷ ನಾವು ಮಾಡಿದ ಮಂಗಾಟದ ನಂತರ ಉಂಟು.

ಒಬ್ಬ ಸೀನಿಯರ್ ಹತ್ತಿರ ಹಳೆಯ ಲೋಹದ ಪ್ರೊಪೆಲ್ಲರ್ ಸಿಕ್ಕಿತು. ಎರಡು ಎಲೆ, 40 ಮಿ.ಮೀ. ವ್ಯಾಸ, ಬಂಗಾರದ ಬಣ್ಣ. ಹಿತ್ತಾಳೆ ಅಂತ ನಾವೇ ತೀರ್ಮಾನ ಮಾಡಿದೆವು. ಎರಕದ ಪ್ರೊಪೆಲ್ಲರನ್ನು ಬಂದ ಹಾಗೆಯೇ ಓಡಿಸಿದರೆ ವೇಗ ಸಿಗುವುದಿಲ್ಲ. ಅಂಚು ಹರಿತ ಮಾಡಬೇಕು, ಎಲೆ ತೆಳು ಮಾಡಬೇಕು, ಎರಡೂ ಎಲೆಯ ತೂಕ ಸಮ ಮಾಡಬೇಕು. ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಾವಿರ ಸುತ್ತು ತಿರುಗುವಾಗ ತೂಕದಲ್ಲಿ ಒಂಚೂರು ವ್ಯತ್ಯಾಸ ಇದ್ದರೂ ಶಾಫ್ಟ್ ನಡುಗುತ್ತದೆ. ಹಾಗಾಗಿ ಹಾಸ್ಟೆಲ್ ರೂಮಿನಲ್ಲೇ, ಫ್ಯಾನ್ ಹಾಕಿಕೊಂಡು, ನನ್ನ ಫ್ರೆಂಡ್ ಅರ ಹಿಡಿದು ಉಜ್ಜಿದ. ನಾನು ಟಾರ್ಚ್ ಹಿಡಿದೆ. ಕೊನೆಗೆ ಹುಡಿಯನ್ನು ಪೊರಕೆಯಲ್ಲಿ ಗುಡಿಸಿದೆವು.

ಇನ್ನು ಗಟ್ಟಿ ಮಾಡಬೇಕು. ಲ್ಯಾಬಿನ ಫರ್ನೇಸ್ ಕೇಳಿದೆವು. "ಸಿಲೆಬಸ್‌ನಲ್ಲಿ ಇಲ್ಲ" ಎಂಬ ಉತ್ತರ ಬಂತು. ಫ್ರೆಂಡಿನ ಮನೆ ಬಂಟ್ವಾಳದ ಕಡೆ. ಭಾನುವಾರ ಅವನ ಊರಿನ ಕುಲುಮೆಗೆ ಹೋದೆವು. ಅವರ ಮನೆಯ ಕತ್ತಿಗಳೆಲ್ಲ ಹದ ಆಗುವುದು ಅಲ್ಲಿಯೇ.

"ಇದು ಎಂತ ಲೋಹ ಮಕ್ಕಳೇ?" ಆಚಾರ್ರು ಕೇಳಿದರು.

"ಹಿತ್ತಾಳೆ ಆಚಾರ್ರೇ."

"ಹಿತ್ತಾಳೆಗೆ ಹದ ಕೂತ್ಕೊಳ್ಳುವುದಿಲ್ಲ."

ಅವರು ಹೇಳಿದ್ದು ಸರಿಯೇ. ಸಾಮಾನ್ಯ ಹಿತ್ತಾಳೆ ಬಡಿದರೆ ಗಟ್ಟಿಯಾಗುತ್ತದೆ, ಕಾಯಿಸಿದರೆ ಮೆತ್ತಗಾಗುತ್ತದೆ. ಆದರೆ ನಾವು ಒತ್ತಾಯ ಮಾಡಿದೆವು. ಅವರು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಕಪ್ಪಾದದ್ದನ್ನು ಗ್ರೈಂಡರಿಗೆ ಹಿಡಿದು ಹೊಳಪು ಮಾಡಿಯೂ ಕೊಟ್ಟರು. ಬೆಳ್ತಂಗಡಿಯ ನಮ್ಮ ತೋಟದ ಮದಗದಲ್ಲಿ ಬೋಟ್ ಬಿಟ್ಟೆವು. ಎರಡನೇ ಸುತ್ತಿಗೆ ಎಲೆ ಬಾಡಿದ ವೀಳ್ಯದೆಲೆಯ ಹಾಗೆ ಬಗ್ಗಿತು.

ಸೀನಿಯರಿಗೆ ಫೋನ್ ಮಾಡಿದಾಗ ಗೊತ್ತಾಯಿತು. "ಅದು ಬೆರಿಲಿಯಂ ಕಾಪರ್ ಮಾರಾಯ!"

ಮೆಟಲರ್ಜಿ ಪುಸ್ತಕ ಆವತ್ತು ಸರಿಯಾಗಿ ತೆರೆದೆ. ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ. ಬೆರಿಲಿಯಂ ತಾಮ್ರ ಇದಕ್ಕೆ ತದ್ವಿರುದ್ಧ. ಸುಮಾರು 790 ಡಿಗ್ರಿಗೆ ಕಾಯಿಸಿ ಅದ್ದಿದರೆ ಬೆರಿಲಿಯಂ ತಾಮ್ರದೊಳಗೆ ಕರಗಿದ ಹಾಗೆಯೇ ಉಳಿಯುತ್ತದೆ, ಲೋಹ ಮೆತ್ತಗಾಗುತ್ತದೆ. ಆಮೇಲೆ ಸುಮಾರು 315 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಸೂಕ್ಷ್ಮ ಕಣಗಳು ಹುಟ್ಟಿಕೊಂಡು, ಲೋಹದ ಬಲ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ನಾವು ಅರ್ಧ ಕೆಲಸ ಮಾಡಿ ನಿಲ್ಲಿಸಿದ್ದೆವು. ಉಳಿದರ್ಧಕ್ಕೆ ಬೇಕಿದ್ದದ್ದು ಕಾಲೇಜಿನ ಆ ಫರ್ನೇಸೇ.

ಆದರೆ ಎಲೆ ಬಗ್ಗಿದ್ದು ದೊಡ್ಡ ವಿಷಯ ಅಲ್ಲ. ಬೆರಿಲಿಯಂ ಹುಡಿ ಉಸಿರಿನ ಜೊತೆ ಒಳಗೆ ಹೋದರೆ ಕೆಲವರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ, ಅದೂ ಎಷ್ಟೋ ವರ್ಷಗಳ ನಂತರ. ಕ್ಯಾನ್ಸರಿಗೂ ಅದು ಕಾರಣ. ಅಮೆರಿಕದಲ್ಲಿ 2017ರಿಂದ ಕೆಲಸದ ಜಾಗದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 0.2 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ. ಹಾಸ್ಟೆಲ್ ರೂಮ್ 36 ಘನ ಮೀಟರ್ ಅಂದುಕೊಂಡರೆ 7.2 ಮೈಕ್ರೋಗ್ರಾಂ ಬೆರಿಲಿಯಂ. ಲೋಹದಲ್ಲಿ ಅದು ಶೇ. 2 ಇದ್ದರೆ, 0.36 ಮಿಲಿಗ್ರಾಂ ಹುಡಿ ಗಾಳಿಯಲ್ಲಿ ತೇಲಿದರೆ ಸಾಕು, ಆ ಮಟ್ಟ ಮುಟ್ಟುತ್ತದೆ. ಒಂದು ಅಕ್ಕಿಕಾಳಿನ ತೂಕದ ಐವತ್ತರಲ್ಲಿ ಒಂದು ಪಾಲು! ಅರದ ಹುಡಿಯೆಲ್ಲ ತೇಲುವುದಿಲ್ಲ, ನಿಜ. ಆದರೆ ನಾವು ಫ್ಯಾನ್ ಹಾಕಿದ್ದೆವು, ಪೊರಕೆ ಹಿಡಿದಿದ್ದೆವು.

ಇದನ್ನು ಓದಿ "ಹಾಗಾದರೆ ಬೋಟೇ ಬೇಡ" ಅಂತ ಯಾರಾದರೂ ಸರ್ಕ್ಯುಲರ್ ಹೊರಡಿಸಿದರೆ ನನಗೆ ಬೇಸರವಾಗುತ್ತದೆ. ಬೆರಿಲಿಯಂ ತಾಮ್ರದ ಇಡೀ ತುಂಡನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಅಪಾಯ ಹುಡಿಯಲ್ಲಿ. ಮೂಡುಬಿದಿರೆ ಸುತ್ತ ಓದುವ ನಮಗೆ ಸ್ವಂತ ಕೈಯಿಂದ ಲೋಹ ಮುಟ್ಟುವ ಅವಕಾಶವೇ ಕಡಿಮೆ. ಇರುವುದನ್ನೂ ನಿಲ್ಲಿಸಿದರೆ ಹುಡುಗರು ಬಿಡುವುದಿಲ್ಲ, ಬಾಗಿಲು ಹಾಕಿಕೊಂಡು ಮಾಡ್ತಾರೆ. ನಾವು ಮಾಡಿದ್ದೂ ಅದನ್ನೇ.

ನಾನು ಕೇಳುವುದು ಇಷ್ಟೇ. ವಾರದಲ್ಲಿ ಒಂದು ಸಂಜೆ ಫರ್ನೇಸ್ ತೆರೆದಿಡಿ. ಒಂದು ರಿಜಿಸ್ಟರ್ ಇರಲಿ, ಅದರ ಮೊದಲ ಕಾಲಮ್ಮಿನಲ್ಲಿ "ಇದು ಯಾವ ಲೋಹ?" ಅಂತ ಇರಲಿ. ಉತ್ತರ ಬರೆಯಲಾಗದವನು ಅರವನ್ನೂ ಮುಟ್ಟಬಾರದು, ಬೆಂಕಿಯನ್ನೂ ಮುಟ್ಟಬಾರದು. ಬೆರಿಲಿಯಂ ಇದ್ದರೆ ಉಜ್ಜುವುದೇ ಬೇಡ, ಹರಿತ ಮಾಡಿ ಸಮತೂಕ ನೋಡಿದ್ದನ್ನೇ ಕೊಳ್ಳಿ, ಇಲ್ಲವೇ ಪ್ಲಾಸ್ಟಿಕ್ಕಿನದು ಹಾಕಿ. ಎರಡು ಸುತ್ತು ನಿಧಾನ ಆದರೆ ಆಗಲಿ.

ಮುಂದಿನ ರಜೆಯಲ್ಲಿ ಇಬ್ಬರೂ ಆ ಕುಲುಮೆಗೆ ಮತ್ತೆ ಹೋದೆವು. ಎಲ್ಲ ಹೇಳಿದೆವು. ಆಚಾರ್ರು ಬೈಯಲಿಲ್ಲ. ಗ್ರೈಂಡರಿನ ಕಡೆ ಒಮ್ಮೆ ನೋಡಿ, "ನಾನು ಕೇಳಿದ್ದೆ ಅಲ್ವಾ ಮಕ್ಕಳೇ, ಎಂತ ಲೋಹ ಅಂತ?" ಅಂದರು.

ಕೇಳಿದ್ದರು. ಇಂಜಿನಿಯರಿಂಗ್ ಓದುವ ನಾವು ಕೇಳಿಕೊಂಡಿರಲಿಲ್ಲ.